ಪರದೆಯ ಆಚೆಗಿನ ಉಸಿರು

ವಾದ್ಯವೃಂದದಲ್ಲಿ ಅವಳಿಗೆ ಸೂಜಿಯಮ್ಮ ಎಂದು ಹೆಸರು. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಆದರೂ ಹೆಸರು ಹುಟ್ಟಿದ ದಿನವೇ ಅವಳಿಗೆ ಗೊತ್ತಾಗಿತ್ತು, ಏಕೆಂದರೆ ಆ ಕಿವಿಗೆ ಬೀಳದ್ದು ಯಾವುದೂ ಇರಲಿಲ್ಲ. ಅಷ್ಟೂ ಜನ ಒಟ್ಟಿಗೆ ನುಡಿಸುತ್ತಿರುವಾಗ ಹಿಂದಿನ ಸಾಲಿನಲ್ಲಿ ಯಾರದೋ ಶ್ರುತಿ ಕೂದಲೆಳೆಯಷ್ಟು ಇಳಿದರೆ, ಮೊದಲ ಕ್ಲಾರಿನೆಟ್ಟಿನ ಕುರ್ಚಿಯಲ್ಲಿ ಒಂದು ಬೆನ್ನು ಸೆಟೆದುಕೊಳ್ಳುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ, ಬಾಯಿ ತೆರೆದು ಒಂದು ಮಾತನ್ನೂ ಆಡುತ್ತಿರಲಿಲ್ಲ. ಆ ಬೆನ್ನು ನೋಡಿಯೇ ತಪ್ಪು ಮಾಡಿದವರಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು.

ಮೂವತ್ತು ವರ್ಷ ಕೂತ ಆ ಕುರ್ಚಿಯನ್ನು ಅವಳು ಈಗ ಬಿಡಬೇಕಾಗಿ ಬಂದದ್ದು ಒಂದು ಹಲ್ಲಿನಿಂದ. ಕ್ಲಾರಿನೆಟ್ ನುಡಿಸುವವರು ಕೆಳದುಟಿಯನ್ನು ಹಲ್ಲಿನ ಮೇಲೆ ಮಡಿಸಿಕೊಂಡು, ಅದರ ಮೇಲೆ ಜೊಂಡಿನ ತೆಳ್ಳನೆಯ ರೀಡನ್ನು ಒತ್ತಿ ಊದಬೇಕು. ಹಾಗೆ ಒತ್ತಿ ಒತ್ತಿ ಅವಳ ಕೆಳದುಟಿಯ ಒಳಗೆ ಜಡ್ಡುಗಟ್ಟಿತ್ತು, ಕೊನೆಗೆ ಅಡಿಯ ಹಲ್ಲು ಅಲ್ಲಾಡತೊಡಗಿತು. "ಹಲ್ಲು ಬೇಕಾದ್ರೆ ಕಟ್ಟಿಸ್ಕೊಡ್ತೀನಮ್ಮ, ಆದ್ರೆ ಆ ತುಟಿಗೆ ಮೊದಲಿಂದ ಪಾಠ ಹೇಳ್ಕೊಡೋಕೆ ಇನ್ನೊಂದು ಜನ್ಮ ಬೇಕಾಗುತ್ತೆ," ಎಂದು ಹಲ್ಲಿನ ಡಾಕ್ಟರು ನಗುತ್ತ ಹೇಳಿದ್ದರು. ಅವಳಿಗೆ ನಗು ಬರಲಿಲ್ಲ. ಅವತ್ತು ಮನೆಗೆ ಬಂದವಳು ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು, ಮುಚ್ಚಳ ತೆಗೆಯದೆ.

ಇವತ್ತು ಆ ಕುರ್ಚಿಗೆ ಹೊಸಬರನ್ನು ಆರಿಸುವ ಕೊನೆಯ ಸುತ್ತು. ಕುರ್ಚಿ ಬಿಟ್ಟು ಹೋಗುವವರು ಕೊನೆಯ ಸುತ್ತಿಗೆ ಮಾತ್ರ ತೀರ್ಪುಗಾರರ ಜೊತೆ ಕೂರಬೇಕೆಂಬುದು ಅಲ್ಲಿನ ಪದ್ಧತಿ. ಹಾಗಾಗಿ ಮೊದಲ ಸುತ್ತುಗಳಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಅಡುಗೆಮನೆಯಲ್ಲಿ ಯಜಮಾನರು ಕಾಫಿ ಸೋಸುತ್ತಿದ್ದರು. ಅವರು ಕನ್ನಡಕದ ಅಂಗಡಿ ಇಟ್ಟಿದ್ದವರು. ಹೆಂಡತಿಯ ಸಂಗೀತ ಅವರಿಗೆ ತಿಳಿಯುತ್ತಿದ್ದುದು ಅಷ್ಟಕ್ಕಷ್ಟೆ, ಆದರೆ ಹೆಂಡತಿ ಮಾತ್ರ ಚೆನ್ನಾಗಿ ತಿಳಿಯುತ್ತಿದ್ದಳು.

"ರಾತ್ರಿ ನಿದ್ದೆ ಬಂತಾ?" ಎಂದು ಕೇಳಿದರು.

ಸೂಜಿಯಮ್ಮ ಮೂಗಿನಿಂದ ಚಿಕ್ಕದೊಂದು ಉಸಿರೆಳೆದಳು, ಆಮೇಲೆ ಬಾಯಿಂದ ದೊಡ್ಡದೊಂದು. "ಓ, ಚೆನ್ನಾಗೇ ಬಂತು."

"ಬರಲಿಲ್ಲ ಅನ್ನು." ಅವರು ಲೋಟವನ್ನು ಮುಂದಿಟ್ಟರು. "ಸುಳ್ಳು ಹೇಳೋಕೆ ಮುಂಚೆ ಶ್ರುತಿ ಮಾಡ್ಕೊಳ್ಳೋ ಹೆಂಗಸನ್ನ ನಾನು ಇನ್ನೆಲ್ಲೂ ನೋಡಿಲ್ಲ ಕಣೇ."

ಆ ಎರಡು ಉಸಿರಿನ ಕಥೆ ಹಳೆಯದು. ಚಿಕ್ಕವಳಿದ್ದಾಗ ಅವಳಿಗೆ ಸದಾ ನೆಗಡಿ. ಊದುವ ಮೊದಲು ಮೂಗು ಕಟ್ಟಿದೆಯೋ ಇಲ್ಲವೋ ಎಂದು ಒಂದು ಸಲ ಸುರ್ ಎನ್ನಿಸಿ ನೋಡಿಕೊಂಡು, ಆಮೇಲೆ ಬಾಯಿಯ ಎರಡೂ ಅಂಚಿನಿಂದ ಗಾಳಿ ತುಂಬಿಕೊಳ್ಳುತ್ತಿದ್ದಳು. ದೊಡ್ಡವಳಾದ ಮೇಲೆ ನೆಗಡಿ ಬಿಟ್ಟಿತು, ಚಾಳಿ ಬಿಡಲಿಲ್ಲ. ಗುರುಗಳು ಬೈದರು, ಬೆನ್ನಿಗೆ ಗುದ್ದಿದರು, ಕೊನೆಗೆ ಅವರೇ ಸೋತು ಸುಮ್ಮನಾದರು. ಊದುವುದಕ್ಕೆ ಮೊದಲು ಮಾತ್ರವಲ್ಲ, ದಿಗಿಲಾದಾಗ, ಆಡಬಾರದ ಮಾತನ್ನು ಆಡಬೇಕಾಗಿ ಬಂದಾಗಲೂ ಅವಳಿಗೆ ತಿಳಿಯದಂತೆ ಅದು ಬಂದುಬಿಡುತ್ತಿತ್ತು. ಪ್ರಪಂಚದಲ್ಲಿ ಆ ಉಸಿರು ಇದ್ದ ಇನ್ನೊಬ್ಬಳೆಂದರೆ ಅವಳ ಮಗಳು. ಮಾತು ಇನ್ನೂ ತೊದಲುತ್ತಿದ್ದ ವಯಸ್ಸಿನಲ್ಲೇ ಮರದ ಸೌಟನ್ನು ತುಟಿಗೆ ಒತ್ತಿಕೊಂಡು, ಮೂಗಿನಲ್ಲೊಂದು ಸುರ್, ಬಾಯಲ್ಲೊಂದು ಹಾ ಎಂದು ಅಮ್ಮನನ್ನು ಅಣಕಿಸುತ್ತಿತ್ತು ಆ ಕೂಸು. ಅದು ಕಲಿತ ಮೊದಲ ಸಂಗೀತವೇ ಅದು.

"ಇನ್ನೊಂದು ವಿಷಯ," ಎಂದು ಯಜಮಾನರು ಸೋಸುವ ಬಟ್ಟೆಯನ್ನು ಹಿಂಡುತ್ತ, ಗೋಡೆಗೆ ಹೇಳುವಂತೆ ಹೇಳಿದರು. "ಮಗಳು ಫೋನ್ ಮಾಡಿದ್ಲು. ಇವತ್ತು ನಿಮ್ಮ ಸಭಾಂಗಣಕ್ಕೆ ಬರ್ತಾಳಂತೆ."

ಸೂಜಿಯಮ್ಮ ಲೋಟ ಕೆಳಗಿಟ್ಟಳು. "ಸಭಾಂಗಣಕ್ಕಾ? ಇವತ್ತಾ? ಯಾಕಂತ್ರೀ?"

"ಬಾಯಿ ಬಿಡಬೇಡ ಅಪ್ಪಾ ಅಂದಿದಾಳೆ. ಇಷ್ಟು ಬಿಟ್ಟಿದ್ದೇ ಹೆಚ್ಚಾಯ್ತು."

"ರೀ, ಹೇಳ್ರೀ."

"ನನ್ನನ್ನ ಕೊಂದ್ರೂ ಹೇಳಲ್ಲ. ಎಂಟು ವರ್ಷದಿಂದ ನನ್ನ ಜೊತೆಗಾದ್ರೂ ಮಾತಾಡ್ತಿದಾಳೆ. ಅದನ್ನೂ ಕಳ್ಕೊಳ್ಳೋಕೆ ನಾನು ತಯಾರಿಲ್ಲ."

ಎಂಟು ವರ್ಷದ ಕೆಳಗೆ, ಇದೇ ವಾದ್ಯವೃಂದದ ಎರಡನೇ ಕ್ಲಾರಿನೆಟ್ಟಿಗೆ ಹೀಗೇ ಆಯ್ಕೆ ನಡೆದಿತ್ತು. ನುಡಿಸುವವರು ದಪ್ಪ ಪರದೆಯ ಹಿಂದೆ ಕೂರುತ್ತಾರೆ. ಹೆಜ್ಜೆಯ ಸದ್ದಿನಿಂದ ಗಂಡೋ ಹೆಣ್ಣೋ ಎಂದು ತಿಳಿಯದಿರಲೆಂದು ಜಮಖಾನ ಹಾಸಿ, ಬೂಟು ಚಪ್ಪಲಿ ಬಿಚ್ಚಿಸುತ್ತಾರೆ. ಅವರು ತುಟಿ ಪಿಟಕ್ಕೆನ್ನುವಂತಿಲ್ಲ. ಈ ಕಡೆ ಕೂತ ಐವರಲ್ಲಿ ಯಾರಿಗಾದರೂ ನುಡಿಸುತ್ತಿರುವವರ ಗುರುತು ಸಿಕ್ಕರೆ, ಅವರು ಕೈ ಎತ್ತಿ, ಎದ್ದು ಹೊರಗೆ ಹೋಗಬೇಕು. ಆ ನಿಯಮವನ್ನು ಹಟ ಹಿಡಿದು ಮಾಡಿಸಿದ್ದವಳು ಸೂಜಿಯಮ್ಮನೇ. ಗುರು ಶಿಷ್ಯರನ್ನು, ಮಾವ ಅಳಿಯನನ್ನು ಒಳಗೆ ತುಂಬಿಕೊಳ್ಳುತ್ತಿದ್ದ ಕಾಲವನ್ನು ಅವಳು ಕಂಡಿದ್ದಳು. ಹಾಗೆ ತುಂಬಿಕೊಂಡವರಿಂದಾಗಿ ಅವಳಿಗೇ ಕೆಲವು ವರ್ಷ ಎಲ್ಲೂ ಕುರ್ಚಿ ಸಿಕ್ಕಿರಲಿಲ್ಲ.

ಅಂದು ಪರದೆಯ ಆಚೆ ಮೂಗಿನಲ್ಲೊಂದು ಚಿಕ್ಕ ಉಸಿರು, ಬಾಯಲ್ಲೊಂದು ದೊಡ್ಡ ಉಸಿರು ಕೇಳಿಸಿತ್ತು. ಮಗಳು ಅರ್ಜಿ ಹಾಕಿದ ಸಂಗತಿ ಅಮ್ಮನಿಗೆ ಗೊತ್ತಿರಲಿಲ್ಲ. ಅಮ್ಮ ಹಿಂದುಮುಂದು ನೋಡಲಿಲ್ಲ. ಕೈ ಎತ್ತಿದಳು, ಎದ್ದಳು, ಬಾಗಿಲು ತೆಗೆದುಕೊಂಡು ಹೊರಗೆ ಹೋದಳು. ಉಳಿದ ನಾಲ್ವರಲ್ಲಿ ಇಬ್ಬರು ಈ ಕಡೆ, ಇಬ್ಬರು ಆ ಕಡೆ. ಸಮ ಬಂದರೆ ಕಂಡಕ್ಟರ್ ಇದ್ದ ಕಡೆಗೆ ತೀರ್ಪು. ಕಂಡಕ್ಟರ್ ಎಂದರೆ ಟಿಕೆಟ್ ಹರಿಯುವವರಲ್ಲ, ಕೋಲು ಹಿಡಿದು ವಾದ್ಯವೃಂದ ನಡೆಸುವವರು; ಆದರೆ ಬಸ್ಸಿನಿಂದ ಇಳಿಸುವ ಅಧಿಕಾರ ಇಬ್ಬರಿಗೂ ಒಂದೇ. ಮಗಳು ಇಳಿದಳು.

ಅವತ್ತು ಸಂಜೆ ಇದೇ ಅಡುಗೆಮನೆಯಲ್ಲಿ ಅವಳು ಕಿರುಚಲಿಲ್ಲ, ಅಳಲಿಲ್ಲ. "ಅಲ್ಲಿ ಐದು ಜನ ಇದ್ರು ಅಮ್ಮ," ಎಂದಳು. "ನಾಲ್ಕು ಜನಕ್ಕೆ ನಾನು ಯಾರೋ. ನಾನು ಯಾರು ಅಂತ ಗೊತ್ತಿದ್ದವಳು ಒಬ್ಬಳೇ, ಅವಳೇ ಎದ್ದು ಹೋದ್ಲು." ಅಷ್ಟು ಹೇಳಿ ಪೆಟ್ಟಿಗೆ ಎತ್ತಿಕೊಂಡು ಹೊರಟವಳು ಇನ್ಯಾವುದೋ ಊರಿನ ಸಂಗೀತಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ ಎಂಬುದಷ್ಟೇ ಅಮ್ಮನಿಗೆ ಗೊತ್ತಿದ್ದುದು. ಗೆದ್ದ ಹುಡುಗ ಒಳ್ಳೆಯವನೇ. ಎಂಟು ವರ್ಷ ಅವನ ಪಕ್ಕದಲ್ಲಿ ಕೂತು, ದಿನವೂ ಅವನ ಒಂದೇ ಉಸಿರನ್ನು ಕೇಳುತ್ತ, ಸೂಜಿಯಮ್ಮ ಮಾಡಿದ್ದು ಸರಿ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಸರಿಯೇ ಆಗಿತ್ತು. ಹಾಗೆಂದುಕೊಂಡರೂ ಹೆತ್ತ ಕರುಳಿಗೆ ಒಂದು ದಿನವೂ ಸಮಾಧಾನವಾಗಲಿಲ್ಲ.

ಸಭಾಂಗಣದ ಖಾಲಿ ಕುರ್ಚಿಗಳ ನಡುವೆ ಒಂದು ಉದ್ದ ಮೇಜು ಹಾಕಿದ್ದರು. ಅಧ್ಯಕ್ಷತೆಗೆ ಫ್ಲೂಟಿನ ಹಿರಿಯರು, ಅವರ ಪಕ್ಕ ಕಂಡಕ್ಟರ್, ಆಮೇಲೆ ಟ್ರಂಪೆಟ್ಟಿನವನು, ಚೆಲ್ಲೋ ನುಡಿಸುವ ಗೆಳತಿ, ತುದಿಯಲ್ಲಿ ಸೂಜಿಯಮ್ಮ. ಬೆನ್ನ ಹಿಂದೆ ಹೊರಗಿನ ಪಡಸಾಲೆಗೆ ಹೋಗುವ ಬಾಗಿಲು. ಎದುರಿಗೆ ವೇದಿಕೆ, ಅದರ ತುಂಬ ಕಪ್ಪು ಪರದೆ. ಎಂಟು ವರ್ಷದ ಹಿಂದಿನದೇ ಪರದೆ. ಮೂಲೆಯಲ್ಲಿ ಹರಿದ ಜಾಗಕ್ಕೆ ಯಾರೋ ಬೇರೆ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿದ್ದರು.

"ಉಳಿದಿರೋರು ಇಬ್ಬರೇ," ಎಂದರು ಫ್ಲೂಟಿನ ಹಿರಿಯರು. "ಕೇಳೋದು, ಚೀಟಿ ಹಾಕೋದು. ಚರ್ಚೆ ಗಿರ್ಚೆ ಏನೂ ಬೇಡ."

ಮೊದಲನೆಯವರು ನುಡಿಸಿದರು. ಒಂದೇ ಉಸಿರು, ಸದ್ದಿಲ್ಲದ್ದು. ಸ್ವರಗಳು ತೊಳೆದಿಟ್ಟ ಹಾಗೆ ಒಂದರ ಪಕ್ಕ ಒಂದು ಬಂದು ನಿಂತವು. ಓಟದ ಭಾಗದಲ್ಲಿ ಬೆರಳು ತಡವರಿಸಲಿಲ್ಲ. ನಿಧಾನದ ಭಾಗದಲ್ಲಿ ಶ್ರುತಿ ಎಳ್ಳಷ್ಟೂ ಅಲುಗಲಿಲ್ಲ. ಕಂಡಕ್ಟರರ ತಲೆ ತಂತಾನೇ ಆಡುತ್ತಿತ್ತು. ತಪ್ಪು ಹುಡುಕಲು ಹೋದ ಸೂಜಿಯಮ್ಮನಿಗೆ ತಪ್ಪು ಸಿಗಲಿಲ್ಲ. ಹಾಗೆಂದು ಮೈ ಜುಮ್ಮೆನ್ನಲೂ ಇಲ್ಲ. ಇವರು ಬಂದರೆ ವಾದ್ಯವೃಂದಕ್ಕೆ ಯಾವ ಚಿಂತೆಯೂ ಇರುವುದಿಲ್ಲ ಎಂದುಕೊಂಡಳು. ಮಗಳಲ್ಲ ಎಂದು ತಿಳಿದು ಒಳಗೆ ಏನೋ ಹಗುರಾಯಿತು, ಅದರ ಹಿಂದೆಯೇ ಏನೋ ಭಾರವೂ ಆಯಿತು.

ಪರದೆಯ ಆಚೆ ಕುರ್ಚಿ ಸರಿದ ಸದ್ದು. "ಎರಡನೆಯವರು ತಯಾರು," ಎಂದು ವೇದಿಕೆಯ ಸಹಾಯಕ ಕೂಗಿದ. ನುಡಿಸುವವರ ಪರವಾಗಿ ಮಾತಾಡುವುದು ಅವನ ಕೆಲಸ.

ಸಭಾಂಗಣ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಮೂಗಿನಿಂದ ಚಿಕ್ಕದೊಂದು ಸುರ್. ಅದರ ಬೆನ್ನಿಗೇ ಬಾಯಿಂದ ದೊಡ್ಡದೊಂದು ಉಸಿರು.

ಸೂಜಿಯಮ್ಮ ಪರದೆಯ ಕಡೆ ಕತ್ತೆತ್ತಿದಳು.

ಉಳಿದ ನಾಲ್ವರು ಕೇಳಿಸಿಕೊಂಡರೋ ಇಲ್ಲವೋ, ಕೇಳಿಸಿಕೊಂಡರೂ ಅವರಿಗೆ ಅದು ಬರೀ ಉಸಿರು. ಅವಳಿಗೆ ಮಾತ್ರ ಅದು ಮರದ ಸೌಟು ಹಿಡಿದ ಕೂಸು, ಅಡುಗೆಮನೆಯ ಬಾಗಿಲಲ್ಲಿ ಪೆಟ್ಟಿಗೆ ಎತ್ತಿಕೊಂಡ ಹುಡುಗಿ. ಬಂದಿದ್ದಾಳೆ. ಅಪ್ಪನಿಗೆ ಬಾಯಿ ಬಿಡಬೇಡ ಎಂದಿದ್ದು ಇದಕ್ಕೇ. ಅಮ್ಮನ ಕುರ್ಚಿಗೇ ಬಂದಿದ್ದಾಳೆ.

ಬಲಗೈ ಮೇಜಿನ ಮೇಲಿತ್ತು. ಅದು ಏಳಬೇಕಾದ ಹೊತ್ತು ಇದೇ. ಎಂಟು ವರ್ಷದ ಹಿಂದೆ ಯಾರೂ ಹೇಳದೆ ತಾನಾಗಿಯೇ ಎದ್ದ ಕೈ ಅದು. ಈಗಲೂ ಬೆರಳು ಮಿಸುಕಿತು. ಎತ್ತಿದರೆ ಉಳಿಯುವವರು ನಾಲ್ವರು, ಕಂಡಕ್ಟರರ ಮನಸ್ಸು ಆಗಲೇ ಮೊದಲನೆಯವರಿಗೆ ಒಲಿದಾಗಿದೆ. ಇನ್ನೊಂದು ಸಲ ಎದ್ದು ಆ ಬಾಗಿಲಿನಿಂದ ಹೊರಗೆ ಹೋದರೆ, ಮಗಳು ಈ ಜನ್ಮದಲ್ಲಿ ಮುಖ ತೋರಿಸುವುದಿಲ್ಲ. ಎತ್ತದಿದ್ದರೆ, ಮೂವತ್ತು ವರ್ಷ ಸೆಟೆದುಕೊಂಡಿದ್ದ ಬೆನ್ನಿಗೆ ಏನು ಅರ್ಥ? ಅಡಕತ್ತರಿಯಲ್ಲಿ ಸಿಕ್ಕಂತಾಯಿತು ಅವಳ ಸ್ಥಿತಿ. ಅವಳು ಕೈಯನ್ನು ಮೇಜಿನಿಂದ ಇಳಿಸಿ, ತೊಡೆಯ ಅಡಿಗೆ ತೂರಿಸಿ, ಅದರ ಮೇಲೆ ಭಾರ ಬಿಟ್ಟು ಕೂತಳು.

ನಿಧಾನದ ಭಾಗ ಶುರುವಾಗಿತ್ತು. ದಪ್ಪ ಧ್ವನಿ, ಸ್ವಲ್ಪ ಒರಟು. ಹಿಂದೆ ಮಗಳ ಧ್ವನಿ ಇಷ್ಟು ದಪ್ಪ ಇರಲಿಲ್ಲವಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಎಂಟು ವರ್ಷದಲ್ಲಿ ಮನುಷ್ಯರ ದನಿ ಬದಲಾಗುವುದಿಲ್ಲವೇ, ರೀಡು ಬದಲಾಯಿಸಿರಬಹುದು ಎಂದು ಅವಳ ಮನಸ್ಸೇ ಉತ್ತರ ಕೊಟ್ಟಿತು. ಕೂದಲೆಳೆಯಷ್ಟು ಶ್ರುತಿ ಇಳಿದರೂ ಹಿಡಿಯುತ್ತಿದ್ದ ಕಿವಿ ಇವತ್ತು ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಿತ್ತು.

ಕ್ಲಾರಿನೆಟ್ಟಿನಲ್ಲಿ ನಡುವಿನ ಸ್ವರಗಳಿಂದ ಮೇಲಿನವಕ್ಕೆ ದಾಟುವಾಗ ಒಂದು ಕಷ್ಟದ ಜಾಗವಿದೆ. ತೆರೆದಿರುವ ಬೆರಳುಗಳೆಲ್ಲ ಒಟ್ಟಿಗೆ ಮುಚ್ಚಬೇಕು, ಒಂದು ತಡವಾದರೂ ವಾದ್ಯ ಕಿರುಚುತ್ತದೆ. ಸೂಜಿಯಮ್ಮ ಅದನ್ನು ಹೊಸ್ತಿಲು ಎನ್ನುತ್ತಿದ್ದಳು. ಎರಡನೆಯವರು ಆ ಹೊಸ್ತಿಲಿಗೆ ಬಂದರು, ಎಡವಿದರು. ಕೀಚ್ ಎಂದು ಒಂದು ಸದ್ದು ಖಾಲಿ ಸಭಾಂಗಣದ ಮೂಲೆಮೂಲೆಗೂ ಹೋಗಿ ಬಂತು. ಟ್ರಂಪೆಟ್ಟಿನವನು ತುಟಿ ಕಚ್ಚಿಕೊಂಡ. ಕಂಡಕ್ಟರ್ ಪೆನ್ನು ಎತ್ತಿಕೊಂಡು ಏನೋ ಗೀಚಿದರು.

'ಹೆದರಬೇಡ ಮಗಳೇ, ಉಸಿರು ತಗೋ,' ಎಂದು ಅಮ್ಮ ಒಳಗೇ ಕೂಗಿದಳು.

ಕೂಗು ಕೇಳಿಸಿತೋ ಎಂಬಂತೆ ಪರದೆಯ ಆಚೆ ಮತ್ತೆ ಚಿಕ್ಕ ಉಸಿರು, ದೊಡ್ಡ ಉಸಿರು. ಆಮೇಲೆ ಬಂದದ್ದು ಬೇರೆಯೇ. ಇನ್ನೇನು ಕಳೆದುಕೊಳ್ಳುವುದು ಉಳಿದಿಲ್ಲ ಎಂಬವರು ನುಡಿಸುವಂತೆ, ಯಾರನ್ನೂ ಮೆಚ್ಚಿಸುವ ಗೊಡವೆ ಇಲ್ಲದೆ, ಆ ಹಾಡು ಮೆಲ್ಲಗೆ ಕೊನೆಯ ಸ್ವರದವರೆಗೂ ನಡೆದುಹೋಯಿತು. ಆ ಕೊನೆಯ ಸ್ವರ ಎಲ್ಲಿ ನಿಂತಿತು, ಎಲ್ಲಿ ಮೌನ ಶುರುವಾಯಿತು ಎಂದು ಹೇಳುವುದಕ್ಕೆ ಬರುತ್ತಿರಲಿಲ್ಲ. ಸೂಜಿಯಮ್ಮನ ಕಣ್ಣು ತುಂಬಿತು. ಸಂಗೀತಕ್ಕೋ, ಸಂಕಟಕ್ಕೋ.

ಫ್ಲೂಟಿನ ಹಿರಿಯರು ಚೀಟಿಗಳನ್ನು ಹಂಚಿದರು. ಹಂಚುವ ಮೊದಲು ನಿಯಮದ ಪ್ರಕಾರ ಕೇಳಲೇಬೇಕಾದ ಪ್ರಶ್ನೆ ಕೇಳಿದರು. ಆ ಪ್ರಶ್ನೆಯ ಮಾತುಗಳನ್ನು ಕೂಡ ಹಿಂದೆ ಸೂಜಿಯಮ್ಮನೇ ಜೋಡಿಸಿದ್ದಳು.

"ಯಾರಿಗಾದ್ರೂ ಯಾರದಾದ್ರೂ ಗುರುತು ಸಿಕ್ತಾ?"

"ಇಲ್ಲ," ಎಂದರು ಕಂಡಕ್ಟರ್. "ಇಲ್ಲ," ಎಂದ ಟ್ರಂಪೆಟ್ಟಿನವನು. "ನನಗೂ ಇಲ್ಲಪ್ಪ," ಎಂದಳು ಚೆಲ್ಲೋ ಗೆಳತಿ.

ಎಲ್ಲರೂ ತುದಿಯ ಕಡೆ ನೋಡಿದರು. ಸೂಜಿಯಮ್ಮನ ಮೂಗಿನಲ್ಲಿ ಸುರ್, ಬಾಯಲ್ಲಿ ಹಾ. ತನ್ನ ಉಸಿರು ತನಗೇ ಕೇಳಿಸಿತು.

"ಇಲ್ಲ," ಎಂದಳು.

ಚೆಲ್ಲೋ ಗೆಳತಿ ಕತ್ತು ಹೊರಳಿಸಿ ಅವಳನ್ನು ನೋಡಿದಳು. ಎಷ್ಟೋ ಕಚೇರಿಗಳಲ್ಲಿ ಆ ಉಸಿರಿನ ಮುಂದೆಯೇ ಕೂತವಳು. ಪರದೆಯ ಆಚೆಯದನ್ನೂ ಈಚೆಯದನ್ನೂ ಕೂಡಿಸಿ ನೋಡಿದಳೋ ಏನೋ, ಹುಬ್ಬು ಅರೆಕ್ಷಣ ಮೇಲೇರಿತು. ಆಮೇಲೆ ತನ್ನ ಚೀಟಿಯ ಮೇಲೆ ಬಾಗಿದಳು.

ಸೂಜಿಯಮ್ಮ 'ಎರಡು' ಎಂದು ಬರೆದು ಚೀಟಿ ಮಡಿಸಿದಳು. ಮಡಿಸಿದ್ದನ್ನು ಮತ್ತೆ ಮಡಿಸಿದಳು. ಡಬ್ಬಿಗೆ ಹಾಕುವಾಗ ಅದು ಬೆರಳಿಗೆ ಅಂಟಿಕೊಂಡಂತಾಗಿ ಕೊಡವಬೇಕಾಯಿತು.

ಹಿರಿಯರು ಒಂದೊಂದೇ ಬಿಚ್ಚಿ ಓದಿದರು. ಒಂದು. ಎರಡು. ಒಂದು. ಎರಡು. ಕೊನೆಯದು ತುಂಬ ಚಿಕ್ಕದಾಗಿ ಮಡಿಸಿದ್ದು, ಬಿಚ್ಚುವುದಕ್ಕೇ ಹೊತ್ತಾಯಿತು. "ಎರಡು," ಎಂದರು ಅವರು. "ಸರಿ ಹಾಗಾದ್ರೆ, ಎರಡನೆಯವರೇ. ಪರದೆ ಸರಿಸಪ್ಪಾ."

ಸೂಜಿಯಮ್ಮ ಎದ್ದು ನಿಂತಿದ್ದಳು. ಏನು ಹೇಳಬೇಕು, ಓಡಿ ಹೋಗಿ ತಬ್ಬಿಕೊಳ್ಳಬೇಕೋ, ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕೋ, ಒಂದೂ ಹೊಳೆಯಲಿಲ್ಲ. ಪರದೆಯ ಉಂಗುರಗಳು ಕರಕರ ಎಂದು ಸರಿದವು.

ಕುರ್ಚಿಯ ಪಕ್ಕದಲ್ಲಿ, ಕಾಲುಚೀಲದಲ್ಲಿ, ಬಾಗಿಲಷ್ಟು ಅಗಲದ ಒಬ್ಬ ಗಡ್ಡದ ಮನುಷ್ಯ ನಿಂತಿದ್ದ. ಕ್ಲಾರಿನೆಟ್ಟನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡಿದ್ದ. ಅವನ ಕೈಯಲ್ಲಿ ಅದು ಪೆನ್ಸಿಲ್ಲಿನಷ್ಟು ಕಾಣುತ್ತಿತ್ತು.

ಅವಳು ಅವನ ಹಿಂದೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಚಪ್ಪಾಳೆ ಬಿತ್ತು. ಕಂಡಕ್ಟರ್ ಮುಖ ಸ್ವಲ್ಪ ಸಣ್ಣದು ಮಾಡಿಕೊಂಡೇ ಕೈ ಕುಲುಕಿದರು. ಸೂಜಿಯಮ್ಮ ಮೇಜಿನ ಅಂಚು ಹಿಡಿದುಕೊಂಡು ಕೂತುಬಿಟ್ಟಳು. ಅವಳು ಹೇಳಿದ ಸುಳ್ಳು ನಿಜವಾಗಿತ್ತು. ಯಾರ ಗುರುತೂ ಸಿಕ್ಕಿರಲಿಲ್ಲ. ನಿಯಮ ಮುರಿಯಲು ಹೋಗಿ, ಅದನ್ನೂ ನೆಟ್ಟಗೆ ಮುರಿಯಲಾಗಲಿಲ್ಲ ಅವಳಿಗೆ. ಯಾರ ಬಳಿ ಏನೆಂದು ಒಪ್ಪಿಕೊಳ್ಳುವುದು? ಇಲ್ಲದ ಮಗಳಿಗೆ ಮತ ಹಾಕಿದೆ ಎಂದೇ? ಹಾಗೆ ಒಪ್ಪಿಕೊಂಡರೆ ಆ ಗಡ್ಡದವನು ಕಾಲಿಗೆ ಬೂಟು ಹಾಕಿಕೊಳ್ಳುವ ಮೊದಲೇ ಕುರ್ಚಿ ಕಳೆದುಕೊಳ್ಳುತ್ತಾನೆ.

ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ ತೆಳ್ಳಗಿನ ಹುಡುಗಿಯೊಬ್ಬಳು ಬೂಟಿನ ದಾರ ಕಟ್ಟುತ್ತಿದ್ದಳು. ಮೊದಲನೆಯವಳು ಇವಳೇ. ಗಂಟು ನಿಲ್ಲುತ್ತಿಲ್ಲ, ಕಟ್ಟಿದಷ್ಟೂ ಬಿಚ್ಚಿ ಹೋಗುತ್ತಿದೆ. ಸೂಜಿಯಮ್ಮನನ್ನು ಕಂಡು ಎದ್ದು ನಿಂತಳು.

"ಮೇಡಂ, ನಿಮ್ಮ ಎದುರಿಗೆ ನುಡಿಸಿದ್ನಲ್ಲ, ನನಗೆ ಅಷ್ಟು ಸಾಕು," ಎಂದಳು. ಮುಖದಲ್ಲಿ ನಗು, ಗದ್ದ ಮಾತ್ರ ನಡುಗುತ್ತಿತ್ತು.

"ತುಂಬ ಚೆನ್ನಾಗಿ ನುಡಿಸಿದೆಯಮ್ಮ. ಒಂದು ತಪ್ಪೂ ಇರಲಿಲ್ಲ."

"ಮತ್ತೆ..." ಎಂದವಳು ಮತ್ತೆ ಬೂಟಿನ ದಾರಕ್ಕೆ ಬಾಗಿದಳು.

ಸೂಜಿಯಮ್ಮ ಆ ದಾರವನ್ನೇ ನೋಡಿದಳು. ಇವಳೂ ಯಾರದೋ ಮಗಳೇ. ಇವಳ ಅಮ್ಮ ಎಲ್ಲೋ ಫೋನಿನ ಮುಂದೆ ಕಾದು ಕೂತಿರಬೇಕು. ಇವಳಿಗೆ ಉಸಿರಿನ ಸದ್ದು ಇರಲಿಲ್ಲ, ಅದೇ ಇವಳ ತಪ್ಪಾಯಿತು. ಆ ಕೀಚ್ ಎಂಬ ಸದ್ದು ಯಾರೋ ಅಪರಿಚಿತರದು ಎಂದು ತಿಳಿದಿದ್ದರೆ ನಾನು ಏನು ಬರೆಯುತ್ತಿದ್ದೆ? ಬಹುಶಃ ಎರಡು ಎಂದೇ ಬರೆಯುತ್ತಿದ್ದಳು, ಕೊನೆಯ ಆ ಸ್ವರಕ್ಕಾಗಿ. ಆದರೆ ಆ ಬಹುಶಃ ಎಂಬುದು ಸಾಯುವತನಕ ಅವಳ ಜೊತೆ ಇರುವಂಥದ್ದು.

ಗಡ್ಡದವನು ಹಿಂದಿನಿಂದ ಬಂದು, ಅಷ್ಟು ದೊಡ್ಡ ಮೈಯನ್ನು ಮುದುಡಿಕೊಂಡು ನಿಂತ. "ಮೇಡಂ, ಹೊರಗೆ ನಮ್ಮ ಮೇಡಂ ಇದಾರೆ. ನಿಮ್ಮ ಮಗಳು. ನನಗೆ ಕಲಿಸಿದ್ದು ಅವರೇ."

"ಗೊತ್ತಾಯ್ತು," ಎಂದಳು ಸೂಜಿಯಮ್ಮ. ನಿಜವಾಗಿಯೂ ಗೊತ್ತಾಗಿದ್ದು ಅವನು ಹೇಳಿದಾಗಲೇ.

"ಒಂದು ಮಾತು ಹೇಳ್ಲಾ? ಆ ಮೂಗಿನ ಸದ್ದು ಬಿಡಿಸೋಕೆ ಅವರು ಮಾಡದ ಪ್ರಯತ್ನ ಇಲ್ಲ. ಬಟ್ಟೆ ಒಣಗಿಸೋ ಕ್ಲಿಪ್ ತಂದು ಮೂಗಿಗೆ ಹಾಕಿ ಕೂರಿಸೋರು. 'ಇದು ನಿಮ್ಮದಲ್ಲ ಕಣ್ರೀ, ನಂದೂ ಅಲ್ಲ, ಇದನ್ನ ಇಟ್ಕೊಂಡು ಆ ಪರದೆ ಹಿಂದೆ ಹೋಗ್ಬೇಡಿ, ನೀವು ಕೆಡ್ತೀರಿ' ಅನ್ನೋರು. ಆದ್ರೆ ಪಾಠಕ್ಕೆ ಶುರು ಮಾಡುವಾಗ ಅವರೇ ಹಾಗೆ ಉಸಿರು ತಗೊಳ್ಳೋರು. ನಾನು ಮಾತು ಕೇಳ್ಲಾ, ಉಸಿರು ಕೇಳ್ಲಾ? ಉಸಿರೇ ಅಂಟ್ಕೊಂಡ್ತು."

ಪಡಸಾಲೆಯ ಬಾಗಿಲು ತೆಗೆದರೆ ಎದುರಿಗೇ ಬೆಂಚು. ಬೆಂಚಿನ ಮೇಲೆ ಮಗಳು. ಕಿವಿಯ ಬಳಿ ಒಂದೆರಡು ನರೆಗೂದಲು. ಆ ಬೆಂಚಿನಿಂದ ಈ ಬಾಗಿಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅಷ್ಟು ಹೊತ್ತು ಅವಳು ಬಾಗಿಲನ್ನೇ ನೋಡುತ್ತ ಕೂತಿದ್ದಾಳೆ, ತನ್ನ ಶಿಷ್ಯ ನುಡಿಸುವಾಗ ಅದು ತೆರೆಯುತ್ತದೋ ಇಲ್ಲವೋ ಎಂದು. ತೆರೆದಿದ್ದರೆ ಅಮ್ಮ ಎದ್ದು ಬಂದಳೆಂದು ಅರ್ಥ. ಅವಳ ಕೈಯಲ್ಲಿದ್ದ ಬಸ್ಸಿನ ಟಿಕೆಟ್ಟು ಹಿಂಡಿ ಹಿಂಡಿ ಮುದ್ದೆಯಾಗಿತ್ತು.

"ಮೇಡಂ, ಆಯ್ತು!" ಎಂದ ಗಡ್ಡದವನು.

ಅವಳು ಎದ್ದಳು. ಅವನ ತೋಳನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು. ಆದರೆ ಕಣ್ಣು ಅಮ್ಮನ ಮೇಲಿಂದ ಕದಲಲಿಲ್ಲ.

"ಬಾಗಿಲು ತೆಗೀಲಿಲ್ವಲ್ಲ ಅಮ್ಮ," ಎಂದಳು. ಎಂಟು ವರ್ಷದ ಮೇಲೆ ಆಡಿದ ಮೊದಲ ಮಾತು.

"ಇಲ್ಲ."

"ಇವರು ಉಸಿರು ತಗೊಂಡಿದ್ದು ನನಗೆ ಇಲ್ಲಿಗೆ ಕೇಳಿಸ್ಲಿಲ್ಲ. ನಿನಗೆ ಕೇಳಿಸಿರುತ್ತೆ."

"ಕೇಳಿಸ್ತು."

"ಮತ್ತೆ ಯಾಕೆ ಎದ್ದು ಬರ್ಲಿಲ್ಲ? ನಾನು ಅಂತ ಅಂದ್ಕೊಂಡ್ಯಾ?"

ಗಡ್ಡದವನು ಇಬ್ಬರ ನಡುವೆ ನಿಂತಿದ್ದ. ಅವನ ಮುಖದ ನಗು ಮೆಲ್ಲಗೆ ಇಳಿಯತೊಡಗಿತು. ದಡ್ಡನಲ್ಲ ಅವನು. ಪ್ರಶ್ನೆಯ ಬಾಲ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅವನಿಗೂ ತಿಳಿಯಿತು. ಪೆಟ್ಟಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ.

ಹೌದು, ನೀನೇ ಅಂದುಕೊಂಡೆ, ನಿನಗಾಗಿ ಮೂವತ್ತು ವರ್ಷದ ಮರ್ಯಾದೆಯನ್ನು ತೊಡೆಯ ಅಡಿಗೆ ಹಾಕಿಕೊಂಡು ಕೂತೆ. ಆ ಒಂದು ಮಾತು ಹೇಳುವುದಕ್ಕೆ ಅವಳ ಜೀವ ಎಳೆಯಿತು. ಎಂಟು ವರ್ಷದಿಂದ ಮಗಳು ಕಾಯುತ್ತಿದ್ದುದು ಅದಕ್ಕೇ. ಆದರೆ ಆ ಮಾತು ಹೊರಗೆ ಬಿದ್ದರೆ, ಈ ಮನುಷ್ಯ ನಾಳೆ ಆ ಕುರ್ಚಿಯಲ್ಲಿ ಕೂರುವಾಗ, ನಾಡಿದ್ದು ಕೂರುವಾಗ, ಕುರ್ಚಿ ನನ್ನದೋ ಇನ್ಯಾರದೋ ಎಂದುಕೊಳ್ಳುತ್ತಲೇ ಊದಬೇಕು. ಮಗಳ ಎಂಟು ವರ್ಷದ ಪಾಠಕ್ಕೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಸೂಜಿಯಮ್ಮ ಮೂಗಿನಿಂದ ಚಿಕ್ಕದೊಂದು ಉಸಿರೆಳೆದಳು, ಆಮೇಲೆ ಬಾಯಿಂದ ದೊಡ್ಡದೊಂದು.

"ಇಲ್ಲ," ಎಂದಳು. "ನೀನಲ್ಲ ಅಂತ ಮೊದಲ ಸ್ವರಕ್ಕೇ ಗೊತ್ತಾಯ್ತು. ಯಾರೋ ಏನೋ, ಚೆನ್ನಾಗಿ ನುಡಿಸಿದ್ರು. ಅದಕ್ಕೇ ಅವರಿಗೆ ಚೀಟಿ ಹಾಕಿದೆ."

ಗಡ್ಡದವನ ಭುಜ ಸಡಿಲವಾಯಿತು. ತುಂಬ ಹೊತ್ತಿನಿಂದ ಕಟ್ಟಿಕೊಂಡಿದ್ದ ಗಾಳಿಯನ್ನು ಅವನು ಮೆಲ್ಲಗೆ ಹೊರಗೆ ಬಿಟ್ಟ.

ಮಗಳು ಅಮ್ಮನ ಮೂಗನ್ನೇ ನೋಡುತ್ತಿದ್ದಳು. ಆಮೇಲೆ ಬಾಯನ್ನು ನೋಡಿದಳು. ಮಾತು ಬರುವ ಮೊದಲೇ ಆ ಉಸಿರನ್ನು ಕಲಿತವಳು ಅವಳು, ಅಪ್ಪನ ತಮಾಷೆಯನ್ನು ಕೇಳುತ್ತ ಬೆಳೆದವಳು. ಅವಳ ಕಣ್ಣಲ್ಲಿ ನೀರು ತುಂಬಿ, ಕೆನ್ನೆಗಿಳಿದು, ಗದ್ದಕ್ಕೆ ಬಂತು. ಒರೆಸಿಕೊಳ್ಳಲಿಲ್ಲ. ಮುಂದೆ ಬಂದು ಅಮ್ಮನ ಹೆಗಲಿನಿಂದ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

"ನಿಜ ತಾನೇ?" ಎಂದು ಗಡ್ಡದವನು ಮಗಳನ್ನು ಕೇಳಿದ. ಅವನಿಗೆ ಇನ್ನೊಂದು ಸಲ ಕೇಳಿಸಿಕೊಳ್ಳಬೇಕಾಗಿತ್ತು. "ನಿಮ್ಮಮ್ಮ ಸುಮ್ನೆ ಹೇಳೋರಲ್ಲ ಅಲ್ವಾ ಮೇಡಂ?"

ಮಗಳು ಮೂಗಿನಿಂದ ಚಿಕ್ಕದೊಂದು ಉಸಿರೆಳೆದಳು, ಆಮೇಲೆ ಬಾಯಿಂದ ದೊಡ್ಡದೊಂದು.

"ನಮ್ಮಮ್ಮನಿಗೆ ಸುಳ್ಳು ಹೇಳೋಕೆ ಬರಲ್ಲ," ಎಂದಳು.